ಕಾಪಾಡುವವರ ಮನಸ್ಸು

ಆಷಾಢದ ಮಳೆ ಹಿಡಿಯಿತೆಂದರೆ ಕೊಲ್ಲೂರಿನ ಕಾಡಿನಲ್ಲಿ ಹಗಲಿಗೂ ಇರುಳಿಗೂ ಹೆಚ್ಚಿನ ಭೇದವಿರುವುದಿಲ್ಲ. ಕೊಡಚಾದ್ರಿಯ ತಪ್ಪಲಿನ ತೊರೆಗಳು ಉಕ್ಕುತ್ತವೆ. ಸೌಪರ್ಣಿಕೆ ಕೆಂಪಾಗಿ ಹರಿಯುತ್ತಾಳೆ. ಅಂಥ ಒಂದು ರಾತ್ರಿ ಘಟ್ಟದ ತಿರುವಿನಲ್ಲಿ ವಾಹನವೊಂದು ಉರುಳಿತೆನ್ನಿ. 108ಕ್ಕೆ ಕರೆ ಹೋಗುತ್ತದೆ, ಆಂಬುಲೆನ್ಸ್ ಧಾವಿಸುತ್ತದೆ. ಕೊಲ್ಲೂರಿನಿಂದ ಕುಂದಾಪುರಕ್ಕೆ ಸುಮಾರು 40 ಕಿಲೋಮೀಟರು. ಮಣಿಪಾಲದ ದೊಡ್ಡ ಆಸ್ಪತ್ರೆಗೆ ಸುಮಾರು 80. ಅಷ್ಟು ದೂರವೂ ಒಂದು ಜೀವವನ್ನು ಹಿಡಿದಿಟ್ಟುಕೊಂಡು ಸಾಗುವವರು ಚಾಲಕ ಮತ್ತು ಶುಶ್ರೂಷಕ. ಗಾಯಾಳು ಉಳಿದರೆ ವೈದ್ಯರನ್ನು ಹೊಗಳುತ್ತೇವೆ. ಉಳಿಯದಿದ್ದರೆ ಮನೆಯವರನ್ನು ಸಂತೈಸುತ್ತೇವೆ. ಗಾಡಿಯ ರಕ್ತವನ್ನು ತೊಳೆದು ಮುಂದಿನ ಕರೆಗೆ ಅಣಿಯಾಗುವ ಆ ಇಬ್ಬರನ್ನು ಕೇಳುವವರು ಯಾರು?

ಇದು ಕೇವಲ ಕಲ್ಪನೆಯ ಪ್ರಶ್ನೆಯಲ್ಲ. 2022ರ ಜುಲೈ 20ರಂದು ಇದೇ ಬೈಂದೂರು ತಾಲೂಕಿನ ಶಿರೂರಿನಲ್ಲಿ, ರೋಗಿಯನ್ನು ಹೊತ್ತು ಬರುತ್ತಿದ್ದ ಆಂಬುಲೆನ್ಸೊಂದು ಮಳೆಯಲ್ಲಿ ತೊಯ್ದ ಹೆದ್ದಾರಿಯ ಮೇಲೆ ಜಾರಿ ಟೋಲ್ ಗೇಟಿಗೆ ಅಪ್ಪಳಿಸಿತು. ದಾರಿ ಬಿಡಿಸಲೆಂದು ಟೋಲಿನ ನೌಕರರು ತಡೆಗಳನ್ನು ಸರಿಸುತ್ತಿದ್ದಂತೆಯೇ, ಅವರ ಕಣ್ಣೆದುರಿನಲ್ಲೇ, ಅನಾಹುತ ನಡೆದುಹೋಯಿತು. ನಾಲ್ವರು ಮಡಿದರು. ಮರುವರ್ಷದ ಜುಲೈಯಲ್ಲಿ ಕೊಲ್ಲೂರಿನ ಸಮೀಪದ ಅರಸಿನಗುಂಡಿ ಜಲಪಾತದಲ್ಲಿ ಯುವಕನೊಬ್ಬನು ಕಾಲುಜಾರಿ ನೀರಿನ ಪಾಲಾದನು. ಅವನ ದೇಹಕ್ಕಾಗಿ ಹಲವು ದಿನಗಳ ಕಾಲ, ಸುರಿಯುವ ಮಳೆಯಲ್ಲೇ ಹುಡುಕಾಟ ನಡೆಯಿತು. ಇಂಥ ನೋಟಗಳನ್ನು ಕಂಡವರ ಕಣ್ಣು ಮುಚ್ಚಬಹುದು. ಮನಸ್ಸು ಅಷ್ಟು ಬೇಗ ಮುಚ್ಚುವುದಿಲ್ಲ.

ದೇಹದೊಳಗಿನ ತುರ್ತುಗಂಟೆ

ಅಪಾಯ ಎದುರಾದಾಗ ನಮ್ಮೊಳಗೆ ನಡೆಯುವುದೇನು? ಮಿದುಳಿನ ಆಳದಲ್ಲಿ ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗವಿದೆ. ಭೀತಿಯ ಸುಳಿವು ಸಿಕ್ಕೊಡನೆ ಅದು ಹೈಪೊಥಲಾಮಸ್ಸಿಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ಹೊರಟ ಆಜ್ಞೆ ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳನ್ನು ತಲಪುತ್ತದೆ. ಅವು ಸುರಿಸುವ ಅಡ್ರಿನಲಿನ್ ಎಂಬ ಹಾರ್ಮೋನಿನಿಂದ ಹೃದಯದ ಬಡಿತ ಹೆಚ್ಚುತ್ತದೆ, ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಹೋರಾಡಲು, ಇಲ್ಲವೇ ಓಡಲು ದೇಹ ಸಿದ್ಧವಾಯಿತೆಂದೇ ಅರ್ಥ. ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞರು ಇದನ್ನು 1915ರಲ್ಲಿಯೇ ವಿವರಿಸಿದ್ದರು. ಅಡ್ರಿನಲಿನ್ನಿನ ಹಿಂದೆಯೇ ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನು ಬಂದು ಈ ಸಿದ್ಧತೆಯನ್ನು ಕೆಲಕಾಲ ಉಳಿಸುತ್ತದೆ.

ಕೆಲಕಾಲಕ್ಕೆ ಇದು ವರವೇ ಸರಿ. ಆದರೆ ಗಂಟೆ ಬಾರಿಸುತ್ತಲೇ ಇದ್ದರೆ? 1936ರಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳ ಮೇಲೆ ನಡೆಸಿದ ತಮ್ಮ ಪ್ರಯೋಗಗಳ ಫಲವನ್ನು ಪ್ರಕಟಿಸಿದರು. ಚಳಿ, ಗಾಯ, ಅತಿಶ್ರಮ, ಹೀಗೆ ಯಾವ ಕಷ್ಟವೇ ಆಗಲಿ, ಪರಿಣಾಮ ಒಂದೇ ಬಗೆಯದಾಗಿತ್ತು: ಅಡ್ರಿನಲ್ ಗ್ರಂಥಿ ಊದಿಕೊಂಡಿತ್ತು, ಜಠರದಲ್ಲಿ ಹುಣ್ಣುಗಳೆದ್ದಿದ್ದವು. ಮೊದಲು ಎಚ್ಚರ, ಆಮೇಲೆ ಪ್ರತಿರೋಧ, ಕೊನೆಗೆ ಬಳಲಿಕೆ: ಇವೇ ಸೆಲ್ಯೆಯವರು ಗುರುತಿಸಿದ ಮೂರು ಹಂತಗಳು.

ಎರಡು ಬಗೆಯ ಗಾಯಗಳು

ಕಾಪಾಡುವವರ ಮನಸ್ಸಿಗೆ ತಗಲುವ ಗಾಯಗಳು ಮುಖ್ಯವಾಗಿ ಎರಡು ಬಗೆಯವು. ಒಂದು, ಒಮ್ಮೆಲೇ ಎರಗುವ ಆಘಾತ. ಒಂದನೆಯ ಮಹಾಯುದ್ಧದಲ್ಲಿ ಮಾತು ಕಳೆದುಕೊಂಡ, ಮೈನಡುಗುವ ಸೈನಿಕರನ್ನು ಕಂಡ ವೈದ್ಯರು ಇದು ಸಿಡಿಗುಂಡಿನ ಅದುರಿನಿಂದ ಬಂದ ರೋಗವೆಂದು ಬಗೆದರು. ಆದರೆ ಸಿಡಿತದ ಹತ್ತಿರ ಸುಳಿಯದವರಲ್ಲಿಯೂ ಅವೇ ಲಕ್ಷಣಗಳು ಕಾಣಿಸಿಕೊಂಡವು. ಪೆಟ್ಟು ಬಿದ್ದದ್ದು ಮನಸ್ಸಿಗೆ! ಕಂಡದ್ದೇ ಮತ್ತೆ ಮತ್ತೆ ಕಣ್ಮುಂದೆ ಬರುವುದು, ದುಃಸ್ವಪ್ನ, ಸಣ್ಣ ಸದ್ದಿಗೂ ಬೆಚ್ಚುವುದು, ಆ ಸ್ಥಳದತ್ತ ಹೋಗಲು ಅಂಜುವುದು, ಇವು ಅದರ ಗುರುತುಗಳು. ಕೆಲವು ದಿನ ಹೀಗಾಗುವುದು ಸಹಜ. ಒಂದು ತಿಂಗಳು ಮೀರಿದರೆ ತಜ್ಞರ ಚಿಕಿತ್ಸೆ ಬೇಕು. ಆ ಚಿಕಿತ್ಸೆಯಿಂದ ಗುಣವೂ ಆಗುತ್ತದೆ.

ಇನ್ನೊಂದು, ನಿಧಾನವಾಗಿ ಸವೆಸುವ ಗಾಯ. ಎಣ್ಣೆ ತೀರಿದ ಹಣತೆಯಲ್ಲಿ ಬತ್ತಿಯೇ ಉರಿಯುವುದನ್ನು ನೀವು ಕಂಡಿದ್ದೀರಲ್ಲವೇ? 1974ರಲ್ಲಿ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದ ಸೇವಕರಲ್ಲಿ ಇಂಥ ಸ್ಥಿತಿಯನ್ನು ಗುರುತಿಸಿ ಹೆಸರಿಟ್ಟವರು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಮೊದಲು ತೀರದ ದಣಿವು; ಅನಂತರ ರೋಗಿಯು ಮನುಷ್ಯನಾಗಿ ಕಾಣದೆ ಬರಿಯ ಹಾಸಿಗೆಯ ಸಂಖ್ಯೆಯಾಗಿ ಕಾಣುವುದು; ಕಡೆಗೆ ತನ್ನ ಕೆಲಸವೆಲ್ಲ ವ್ಯರ್ಥವೆಂಬ ಭಾವ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗವೆಂದು ಕರೆಯದೆ, ಸರಿಯಾಗಿ ನಿಭಾಯಿಸದ ಉದ್ಯೋಗದ ಒತ್ತಡದ ಫಲವೆಂದು ವಿವರಿಸಿತು. ಆದುದರಿಂದ ದಾದಿಯೊಬ್ಬಳಿಗೆ ಧ್ಯಾನ ಮಾಡೆಂದು ಬುದ್ಧಿ ಹೇಳಿದರಷ್ಟೇ ಸಾಲದು. ಅವಳ ಪಾಳಿಯನ್ನು, ವಿರಾಮವನ್ನು, ಜೊತೆಗಿರುವವರ ಸಂಖ್ಯೆಯನ್ನು ಸರಿಪಡಿಸಬೇಕು.

ಒಳ್ಳೆಯ ಉದ್ದೇಶ, ಅನಿರೀಕ್ಷಿತ ಫಲ

ಇಲ್ಲಿ ವಿಜ್ಞಾನವು ನಮಗೆ ಒಂದು ಪಾಠ ಕಲಿಸಿದೆ. ದುರಂತವಾದೊಡನೆ ಎಲ್ಲರನ್ನೂ ಕೂಡಿಸಿ, ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಿಸಿದರೆ ಮನಸ್ಸು ಹಗುರಾಗುವುದೆಂಬ ನಂಬಿಕೆಯಿಂದ 1980ರ ದಶಕದಲ್ಲಿ ಒಂದು ಪದ್ಧತಿ ಅಗ್ನಿಶಾಮಕರಲ್ಲಿಯೂ ಆಂಬುಲೆನ್ಸ್ ಸಿಬ್ಬಂದಿಯಲ್ಲಿಯೂ ಹಬ್ಬಿತು. ಕೇಳಲು ಎಷ್ಟು ಸಮಂಜಸ! ಆದರೆ ಪರೀಕ್ಷಿಸದೆ ನಂಬುವುದು ವಿಜ್ಞಾನದ ದಾರಿಯಲ್ಲ. ಬ್ರಿಟನ್ನಿನ ವೇಲ್ಸಿನಲ್ಲಿ ಸುಟ್ಟಗಾಯದ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಇಂಥ ಒಂದೇ ಕೂಟವನ್ನು ನಡೆಸಿ ನೋಡಿದರು. 1997ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹದಿಮೂರು ತಿಂಗಳ ತರುವಾಯ ಆಘಾತದ ಬೇನೆ ಉಳಿದಿದ್ದುದು ಮಾತನಾಡಿಸಿದವರಲ್ಲಿ ನೂರಕ್ಕೆ 26 ಮಂದಿಯಲ್ಲಿ. ಹಾಗೆಯೇ ಬಿಟ್ಟವರಲ್ಲಿ 9 ಮಂದಿಯಲ್ಲಿ ಮಾತ್ರ! ಇವರು ರೋಗಿಗಳೇ ಹೊರತು ರಕ್ಷಕರಲ್ಲ ಎಂಬುದು ನಿಜ. ಆದರೂ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿದಾಗ, ಒಂದೇ ಸಲದ ಬಲವಂತದ ಮಾತು ಆಘಾತವನ್ನು ತಡೆಯದೆಂಬುದು ಸ್ಪಷ್ಟವಾಯಿತು. ಹಸಿಗಾಯವನ್ನು ಕೆದಕಬಾರದೆಂದು ನಮ್ಮ ಅಜ್ಜಿಯರೂ ಬಲ್ಲರಷ್ಟೆ.

ಹಾಗಾದರೆ ಮಾಡತಕ್ಕದ್ದೇನು? ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯನ್ನು ಹೊರತಂದಿತು. ಅದರ ತಿರುಳು ಮೂರೇ ಮಾತು: ನೋಡು, ಆಲಿಸು, ಜೋಡಿಸು. ಎದುರಿಗಿರುವವರಿಗೆ ಈಗ ಬೇಕಾದದ್ದೇನೆಂದು ನೋಡು. ಅವರು ಹೇಳಿದಷ್ಟನ್ನು, ಹೇಳಿದಾಗ, ಆಲಿಸು. ನಂಬಿಕೆಯ ಜನರೊಡನೆ, ಬೇಕಾದರೆ ವೈದ್ಯರೊಡನೆ, ಜೋಡಿಸು.

ನಂಬಿಕೆಯ ಜನರು ಯಾರು? ಇದಕ್ಕೂ ಈ ಸೀಮೆಯಲ್ಲೇ ಹಳೆಯ ಸಾಕ್ಷ್ಯವಿದೆ. ಇಂದಿನ ಬ್ರಹ್ಮಾವರ ತಾಲೂಕಿನ ಕೋಟದಲ್ಲಿ ಮನೋವೈದ್ಯರಾದ ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಜನರ ಮನೋವ್ಯಥೆಗಳನ್ನು ಅಧ್ಯಯನ ಮಾಡಿ 1976ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಕಷ್ಟ ಬಂದಾಗ ಜನರು ಆಸ್ಪತ್ರೆಯ ವೈದ್ಯರೊಡನೆ ನಾಟಿ ವೈದ್ಯರ, ಮಂತ್ರವಾದಿಗಳ, ಪಾತ್ರಿಗಳ ಬಳಿಗೂ ಹೋಗುತ್ತಿದ್ದರು. ಪರಿಚಿತರೂ ಹತ್ತಿರದವರೂ ಆದವರಲ್ಲಿ ಮನಸ್ಸು ಮೊದಲು ತೆರೆಯುವುದು ಸಹಜ. ರಕ್ಷಕನಿಗೆ ಅಂಥ ಆಪ್ತನೆಂದರೆ ಅದೇ ಗಾಡಿಯ ಸಹೋದ್ಯೋಗಿ. ಆ ಸಹೋದ್ಯೋಗಿಗೆ ಆಲಿಸುವ ವಿದ್ಯೆಯನ್ನು ಕಲಿಸುವುದೇ ಲೇಸು.

ಅದಕ್ಕೂ ಮಿಗಿಲಾದ ನೆರವು ಬೇಕಾದಾಗ 14416 ಎಂಬ ಸಂಖ್ಯೆಯಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಕೇಂದ್ರ. ಹಗಲಿರುಳೂ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ಕರೆ ಮಾಡುವುದು ಹೇಡಿತನವೆಂಬ ಭಾವನೆಯೊಂದೇ ಈಗ ಉಳಿದಿರುವ ಅಡ್ಡಿ. ಮೂಳೆ ಮುರಿದವನು ಆಸ್ಪತ್ರೆಗೆ ಹೋದರೆ ಹೇಡಿಯೆನ್ನುವವರುಂಟೇ?

ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಒಬ್ಬ ದಾದಿ, ಒಬ್ಬ ಆಶಾ ಕಾರ್ಯಕರ್ತೆ, ಒಬ್ಬ ಅಗ್ನಿಶಾಮಕ ಇರಬಹುದು. ಒಂದು ಸಂಜೆ ಅವರು ಮಾತಿಲ್ಲದೆ ಒಳಬಂದರೆ, ಏನಾಯಿತೆಂದು ಪೀಡಿಸಬೇಡಿ. ಬಿಸಿ ಗಂಜಿ ಬಡಿಸಿ, ಪಕ್ಕದಲ್ಲಿ ಕುಳಿತಿರಿ. ಅವರಾಗಿ ಮಾತು ತೆಗೆದಾಗ, ಮುಗಿಯುವವರೆಗೂ ಕೇಳಿರಿ.