ಅಲೆಗಳಿಗೆ ಮರೆಯಾಗುವ ವಸ್ತು: ವಕ್ರೀಭವನ ಪಾಠಕ್ಕೆ ಪೂರಕ ಟಿಪ್ಪಣಿ

ಹತ್ತನೆಯ ತರಗತಿಯಲ್ಲಿ ಬೆಳಕಿನ ವಕ್ರೀಭವನವನ್ನು ಬೋಧಿಸುವಾಗ, ವಸ್ತುವನ್ನು ಕಾಣದಂತೆ ಮಾಡಲು ಸಾಧ್ಯವೇ ಎಂಬ ಪ್ರಶ್ನೆ ಏಳುವುದುಂಟು. ಅದನ್ನು ಮಾಯಾಜಾಲದ ಮಾತೆಂದು ತಳ್ಳಿಹಾಕಬೇಕಾಗಿಲ್ಲ. ಪಾಠದ ತಿರುಳಿನಲ್ಲಿಯೇ ಉತ್ತರವಿದೆ.

ವಸ್ತುವಿನ ಮೇಲೆ ಬಿದ್ದ ಅಲೆಗಳು ಚದುರಿ ನಮ್ಮತ್ತ ಬರುವುದರಿಂದ ಅದು ಕಾಣುತ್ತದೆ. ರಾಡಾರ್ ವಿಮಾನವನ್ನು ಗುರುತಿಸುವುದೂ ಹೀಗೆಯೇ. ಅಲೆಗಳು ವಸ್ತುವನ್ನು ಬಳಸಿ ಸಾಗಿ, ಆಚೆಗೆ ಮೊದಲಿನ ದಿಕ್ಕಿನಲ್ಲಿಯೇ ಕೂಡಿಕೊಂಡರೆ ಆ ವಸ್ತು ಇದ್ದೂ ಇಲ್ಲದಂತಾಗುತ್ತದೆ. ಬೋರಿ ನದಿಯ ನೀರು ಬಂಡೆಯನ್ನು ಬಳಸಿ ಹರಿದು ಮುಂದೆ ಒಂದಾಗುವುದನ್ನು ಅಕ್ಕಲಕೋಟದ ಮಕ್ಕಳಿಗೆ ನೆನಪಿಸಬಹುದು.

ಅಲೆಗಳನ್ನು ಹೀಗೆ ಬಾಗಿಸಲು ವಿಶೇಷವಾಗಿ ರಚಿಸಿದ ವಸ್ತು ಬೇಕು. ಅದಕ್ಕೆ ಮೆಟಾಮೆಟೀರಿಯಲ್ ಎಂದು ಹೆಸರು. ಸೊಲ್ಲಾಪುರದ ಚಾದರದ ಚಿತ್ತಾರವು ನೂಲಿನ ಗುಣವಲ್ಲ, ನೂಲುಗಳನ್ನು ನೇಯ್ದ ಕ್ರಮದ ಫಲ. ಅಂತೆಯೇ ತಾಮ್ರದ ಸಣ್ಣ ಸೀಳುಬಳೆಗಳನ್ನು ಕ್ರಮವಾಗಿ ಜೋಡಿಸಿದಾಗ, ಬರಿಯ ತಾಮ್ರಕ್ಕಿಲ್ಲದ ಗುಣವು ಆ ಜೋಡಣೆಗೆ ಬರುತ್ತದೆ. ಪ್ರತಿಯೊಂದು ಬಳೆಯೂ ಅಲೆಯ ಉದ್ದಕ್ಕಿಂತ ಬಹಳ ಚಿಕ್ಕದಾಗಿರಬೇಕು ಎಂಬುದೇ ನಿಯಮ.

1898ರಲ್ಲಿ ಜಗದೀಶಚಂದ್ರ ಬೋಸರು ಹುರಿಗೊಳಿಸಿದ ಸೆಣಬಿನ ಕಟ್ಟುಗಳು ಸೂಕ್ಷ್ಮತರಂಗಗಳ ಧ್ರುವೀಕರಣದ ತಲವನ್ನು ತಿರುಗಿಸುತ್ತವೆಂದು ತೋರಿಸಿದ್ದರು. 2006ರಲ್ಲಿ ಜಾನ್ ಪೆಂಡ್ರಿ ಮತ್ತು ಸಂಗಡಿಗರು ಮರೆಮಾಚುವ ಹೊದಿಕೆಯ ಸಿದ್ಧಾಂತವನ್ನು ಮಂಡಿಸಿದರು. ಅದೇ ವರ್ಷ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ, ಸುಮಾರು 3.5 ಸೆಂ.ಮೀ. ಉದ್ದದ ಅಲೆಗಳಿಗೆ ತಾಮ್ರದ ಸಿಲಿಂಡರೊಂದನ್ನು ಬಹುಮಟ್ಟಿಗೆ ಮರೆಮಾಡಲಾಯಿತು. ಪ್ರತಿಫಲನವೂ ನೆರಳೂ ಕಡಿಮೆಯಾದವು, ಪೂರ್ತಿ ಅಳಿಯಲಿಲ್ಲ.

2024ರಲ್ಲಿ ಕಾನ್ಪುರದ ಐಐಟಿ ‘ಅನಾಲಕ್ಷ್ಯ’ ಎಂಬ ಬಟ್ಟೆ ಆಧಾರಿತ ಹೊದಿಕೆಯನ್ನು ಪ್ರಕಟಿಸಿತು. ಇಲ್ಲೊಂದು ಭೇದವನ್ನು ಶಿಕ್ಷಕರು ಸ್ಪಷ್ಟಪಡಿಸಬೇಕು: ಇದು ರಾಡಾರ್ ಅಲೆಗಳನ್ನು ಬಾಗಿಸುವುದಿಲ್ಲ, ಹೀರಿಕೊಳ್ಳುತ್ತದೆ. ರಾಡಾರಿಗೆ ಅಡಗಿದ ವಸ್ತು ಕಣ್ಣಿಗೆ ಕಾಣುತ್ತಲೇ ಇರುತ್ತದೆ.

ಚಟುವಟಿಕೆ: ಬಳೆಯ ಅಳತೆ ಅಲೆಯ ಉದ್ದದ ಹತ್ತನೆಯ ಒಂದು ಭಾಗವೆಂದು ಇಟ್ಟುಕೊಳ್ಳಿರಿ. 3.5 ಸೆಂ.ಮೀ. ಅಲೆಗೆ ಅದು 3.5 ಮಿ.ಮೀ. ಆಗುತ್ತದೆ. ಅರ್ಧ ಮೈಕ್ರೋಮೀಟರ್ ಉದ್ದದ ಹಸಿರು ಬೆಳಕಿಗೆ ಎಷ್ಟು? ಮಕ್ಕಳೇ ಲೆಕ್ಕ ಮಾಡಲಿ. ಕಣ್ಣಿಗೆ ಕಾಣದಂತೆ ಮಾಡುವುದು ಏಕೆ ಕಠಿಣವೆಂಬುದು ಆಗ ತಾನಾಗಿ ತಿಳಿಯುತ್ತದೆ.

ಪದಗಳ ಕಡೆಗೂ ಗಮನವಿರಲಿ. ನಮ್ಮ ಮಕ್ಕಳಲ್ಲಿ ಅನೇಕರು ಮುಂದೆ ಮರಾಠಿಯಲ್ಲಿ ಓದುವವರು. ಅಲ್ಲಿ ವಕ್ರೀಭವನವು ‘ಅಪವರ್ತನ’, ಪ್ರತಿಫಲನವು ‘ಪರಾವರ್ತನ’, ಕಾಂತವು ‘ಚುಂಬಕ’. ಕನ್ನಡದಲ್ಲಿ ಪರಿಕಲ್ಪನೆಯನ್ನು ಗಟ್ಟಿಯಾಗಿ ಗ್ರಹಿಸಿದ ಬಳಿಕ ಈ ಜೋಡಿಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಪರಿಚಯಿಸಬೇಕು. ಹಾಗೆ ಮಾಡಿದರೆ ಮಾಧ್ಯಮ ಬದಲಾದಾಗ ಮಗು ಹೊಸ ಪದವನ್ನಷ್ಟೇ ಕಲಿಯಬೇಕಾಗುತ್ತದೆ, ವಿಜ್ಞಾನವನ್ನು ಮರಳಿ ಕಲಿಯಬೇಕಾಗುವುದಿಲ್ಲ.