ಯಿರ್ಗಾಚೆಫೆಯ ಕಾಫಿ: ಹೆಸರು ಮತ್ತು ಬೆಲೆ

ಇಂದು ಬೆಳಿಗ್ಗೆ ನೀವು ಕುಡಿದ ಕಾಫಿ ಯಾವ ಊರಿನದು? ಪುಡಿ ಕೊಂಡ ಅಂಗಡಿಯನ್ನು ಹೇಳಬಲ್ಲಿರಿ, ಚಿಕೋರಿ ಎಷ್ಟೆಂಬುದನ್ನೂ ಹೇಳಬಲ್ಲಿರಿ. ಬೀಜ ಬೆಳೆದ ನೆಲ ಮಾತ್ರ ಗೊತ್ತಿರುವುದಿಲ್ಲ. ಹಲವು ತೋಟಗಳ ಬೀಜ ಬೆರೆತೇ ಪುಡಿಯಾಗುತ್ತದೆ. ಹಾಗೆ ಬೆರೆಸದೆ ಒಂದೇ ಪ್ರದೇಶದ ಬೀಜವನ್ನು ಆ ಪ್ರದೇಶದ ಹೆಸರಿನಲ್ಲೇ ಮಾರಿದರೆ ಅದು 'ಏಕಮೂಲ ಕಾಫಿ'.

ದಕ್ಷಿಣ ಇಥಿಯೋಪಿಯದ ಯಿರ್ಗಾಚೆಫೆಯನ್ನು ನೋಡೋಣ. ಇದು ಗೆಡಿಯೋ ಜನರ ನಾಡು. ಇಲ್ಲಿನ ಬಹುಪಾಲು ಕಾಫಿ ಬೆಳೆಯುವುದು ಮನೆಯ ಸುತ್ತಲಿನ ಸಣ್ಣ ತೋಟಗಳಲ್ಲಿ. ಮೇಲೆ ದೊಡ್ಡ ಮರಗಳು, ಕೆಳಗೆ ಬಾಳೆಯ ಸಂಬಂಧಿಯಾದ ಎನ್ಸೆಟ್, ಅದರ ನೆರಳಲ್ಲಿ ಕಾಫಿ. ಎನ್ಸೆಟ್‌ನ ಹಣ್ಣನ್ನು ತಿನ್ನುವುದಿಲ್ಲ. ದಿಂಡು, ಗೆಡ್ಡೆಗಳ ಪಿಷ್ಟವನ್ನು ಹುಳಿ ಬರಿಸಿ ರೊಟ್ಟಿ ಮಾಡುತ್ತಾರೆ. ಹೊಟ್ಟೆಗೆ ಎನ್ಸೆಟ್, ಕೈಖರ್ಚಿಗೆ ಕಾಫಿ. ಮಲೆನಾಡಿನ ತೋಟ ಕಂಡವರಿಗೆ ಈ ನೆರಳಿನ ಬೇಸಾಯ ಅಪರಿಚಿತವೆನಿಸದು. ಯುನೆಸ್ಕೊ 2023ರಲ್ಲಿ ಗೆಡಿಯೋ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಕಾಫಿಗೆ ತನ್ನದೇ ಪರಿಮಳ ಏಕೆ? ಎತ್ತರದ ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ. ಹಣ್ಣಿನ ಸಿಪ್ಪೆ ತೆಗೆದು, ಬೀಜಕ್ಕಂಟಿದ ಲೋಳೆಯನ್ನು ಹುದುಗಿಸಿ ತೊಳೆದು, ಅಟ್ಟಣೆಗಳ ಮೇಲೆ ಒಣಗಿಸುವ ಕ್ರಮದಲ್ಲಿ ಹೂವು, ನಿಂಬೆಯನ್ನು ನೆನಪಿಸುವ ವಾಸನೆ ಉಳಿಯುತ್ತದೆ. ಇನ್ನೊಂದು ಕಾರಣ ತಳಿ. ಅರೇಬಿಕ ಕಾಫಿಯ ತವರೇ ಇಥಿಯೋಪಿಯ. ನಾಡತಳಿಗಳ ವೈವಿಧ್ಯ ಅಲ್ಲಿ ಹೆಚ್ಚು. ಅಲ್ಲಿಂದ ಯೆಮನ್‌ಗೆ, ಯೆಮನ್‌ನಿಂದ ಹೊರಗೆ ಹೋದದ್ದು ಕೆಲವೇ ಬೀಜ. ಬಾಬಾಬುಡನ್ ಚಂದ್ರದ್ರೋಣಕ್ಕೆ ತಂದರೆಂಬ ಐತಿಹ್ಯದಲ್ಲಿಯೂ ಇರುವುದು ಏಳೇ ಬೀಜ ಎಂಬುದನ್ನು ನೆನೆಯಿರಿ.

ಇಷ್ಟೆಲ್ಲ ಇದ್ದೂ ಬೆಳೆಗಾರನಿಗೆ ಸಿಗುವುದೇನು? ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಪದ್ಧತಿ 1989ರಲ್ಲಿ ಕುಸಿಯಿತು. 2001ರ ಹೊತ್ತಿಗೆ ಅರೇಬಿಕದ ಬೆಲೆ ಪೌಂಡಿಗೆ 50 ಅಮೆರಿಕನ್ ಸೆಂಟ್‌ಗೂ ಕೆಳಗಿಳಿಯಿತು. ಮರುವರ್ಷ, 2002ರಲ್ಲಿ, ಯಿರ್ಗಾಚೆಫೆಯ ಸಹಕಾರ ಸಂಘಗಳು ಒಂದು ಒಕ್ಕೂಟ ಕಟ್ಟಿಕೊಂಡವು. 2008ರಲ್ಲಿ ಸರಕಾರ ಕಾಫಿ ವ್ಯಾಪಾರವನ್ನು ಸರಕು ವಿನಿಮಯ ಕೇಂದ್ರದ ಮೂಲಕ ನಡೆಸತೊಡಗಿದಾಗ, ಪ್ರದೇಶ ಮತ್ತು ದರ್ಜೆ ನೋಡಿ ಬೀಜವನ್ನು ಒಟ್ಟುಗೂಡಿಸಲಾಯಿತು. ಯಾವ ಹಳ್ಳಿಯದೆಂಬ ಗುರುತು ಅಳಿಯಿತು. ಒಕ್ಕೂಟಗಳಿಗೆ ನೇರ ರಫ್ತಿನ ಅವಕಾಶವಿದ್ದುದರಿಂದ ಅವುಗಳ ಬೀಜದ ಗುರುತು ಉಳಿಯಿತು. ಹೆಸರಿಗಾಗಿ ಇಥಿಯೋಪಿಯ ಬೇರೆಡೆಯೂ ಹೋರಾಡಿತ್ತು: ಯಿರ್ಗಾಚೆಫೆ, ಸಿಡಾಮೊ, ಹರಾರ್‌ಗಳನ್ನು ವಾಣಿಜ್ಯ ಗುರುತುಗಳಾಗಿ ನೋಂದಾಯಿಸಲು 2005ರಲ್ಲಿ ಅಮೆರಿಕದಲ್ಲಿ ಅರ್ಜಿ ಹಾಕಿತು. 2007ರಲ್ಲಿ ಸ್ಟಾರ್‌ಬಕ್ಸ್ ಈ ಹೆಸರುಗಳ ಬಗ್ಗೆ ಒಪ್ಪಂದಕ್ಕೆ ಬಂದಿತು.

ಈಗ 'ನ್ಯಾಯ ವ್ಯಾಪಾರ'ದ ಲೆಕ್ಕ. ತರಗತಿಯಲ್ಲೂ ಮಾಡಿಸಬಹುದು. 2023ರ ಆಗಸ್ಟ್‌ನಿಂದ ಫೇರ್‌ಟ್ರೇಡ್ ಪದ್ಧತಿಯಲ್ಲಿ ತೊಳೆದು ಸಂಸ್ಕರಿಸಿದ ಅರೇಬಿಕಕ್ಕೆ ಕನಿಷ್ಠ ಬೆಲೆ ಪೌಂಡಿಗೆ 1.80 ಡಾಲರ್; ಜೊತೆಗೆ ಸಮುದಾಯ ನಿಧಿಗೆ 20 ಸೆಂಟ್. ಒಟ್ಟು ಕಿಲೋಗೆ ಸುಮಾರು 4.40 ಡಾಲರ್. ಒಂದು ಕಿಲೋ ಹಸಿರು ಬೀಜಕ್ಕೆ ಹೆಚ್ಚುಕಡಿಮೆ ಆರು ಕಿಲೋ ಹಣ್ಣು ಕೊಯ್ಯಬೇಕು. ಹುರಿದಾಗ ಉಳಿಯುವುದು ಸುಮಾರು 800 ಗ್ರಾಂ. ಲೋಟಕ್ಕೆ 10 ಗ್ರಾಂ ಎಂದರೆ 80 ಲೋಟ. ಲೋಟವೊಂದಕ್ಕೆ ಬಂದದ್ದು ಐದೂವರೆ ಸೆಂಟ್! ಅದೂ ರೈತನ ಕೈಗಲ್ಲ, ಸಂಘಕ್ಕೆ. ಸಂಸ್ಕರಣೆ, ಸಾಗಣೆಗಳ ಖರ್ಚು ಕಳೆದ ಮೇಲೆ ರೈತನ ಪಾಲು. ಸಂಘದ ಇಡೀ ಬೆಳೆಗೆ ಈ ಬೆಲೆಯ ಗಿರಾಕಿ ಸಿಗುವುದೂ ಅಪರೂಪ.

ಹಾಗಾದರೆ ಕನಿಷ್ಠ ಬೆಲೆ ನಿರರ್ಥಕವೆ? ಮಾರುಕಟ್ಟೆ ಬಿದ್ದಾಗ ಅದು ಊರುಗೋಲು. 2001ನ್ನು ಕಂಡವರಿಗೆ ಇದು ಗೊತ್ತು. ಮಾರುಕಟ್ಟೆ ಏರಿದಾಗ ಅದರ ಕೆಲಸ ನಿಲ್ಲುತ್ತದೆ. 2025ರ ಫೆಬ್ರವರಿಯಲ್ಲಿ ಅರೇಬಿಕ ಪೌಂಡಿಗೆ 4 ಡಾಲರ್ ದಾಟಿತು. ಇಂಥ ಹೊತ್ತಿನಲ್ಲಿ ಸಂಘಕ್ಕೆ ಬೇರೊಂದು ತಲೆನೋವು: ಹಣ್ಣು ಕೊಳ್ಳಲು ಕೈಯಲ್ಲಿ ಅಷ್ಟು ನಗದು ಬೇಕು. ಇಲ್ಲದಿದ್ದರೆ, ಆಗಲೇ ದುಡ್ಡೆಣಿಸಿ ಕೊಡುವ ವ್ಯಾಪಾರಿಗೆ ಸದಸ್ಯನೇ ತನ್ನ ಬುಟ್ಟಿ ಸುರಿಯುತ್ತಾನೆ.