ಹೋದ ಹಲ್ಲಿನ ಜಾಗಕ್ಕೆ ಬ್ರಿಡ್ಜ್

ದವಡೆ ಹಲ್ಲೊಂದನ್ನು ಕೀಳಿಸಿದ ಮೇಲೆ ‘ಒಂದು ತಾನೇ, ಇನ್ನೊಂದು ಕಡೆ ಅಗಿದರಾಯಿತು’ ಎಂದು ಸುಮ್ಮನಿರುವವರೇ ಹೆಚ್ಚು. ಉಳಿದ ಹಲ್ಲುಗಳು ಸುಮ್ಮನಿರುವುದಿಲ್ಲ. ಅಕ್ಕಪಕ್ಕದವು ನಿಧಾನವಾಗಿ ಖಾಲಿ ಜಾಗಕ್ಕೆ ವಾಲುತ್ತವೆ. ಎದುರು ಸಾಲಿನ ಹಲ್ಲು ತಡೆಯಿಲ್ಲದೆ ಉದ್ದಕ್ಕೆ ಬರುತ್ತದೆ.

ಬ್ರಿಡ್ಜ್ ಎಂದರೆ ಒಟ್ಟಿಗೆ ಬೆಸೆದ ಮೂರು ಹಲ್ಲುಗಳ ತುಂಡು. ತುದಿಯ ಎರಡು, ಪಕ್ಕದ ಹಲ್ಲುಗಳ ಮೇಲೆ ಕೂರುವ ಕ್ಯಾಪ್‌ಗಳು. ನಡುವಿನದು ಬೇರಿಲ್ಲದ ಕೃತಕ ಹಲ್ಲು. ಅಂಟಿಸಿಬಿಡುವುದರಿಂದ ಕ್ಲಿಪ್ ಸೆಟ್ಟಿನಂತೆ ರಾತ್ರಿ ತೆಗೆದಿಡುವ ರಗಳೆಯಿಲ್ಲ.

ಹಲ್ಲು ಕಿತ್ತ ಗಾಯ ಮಾಗಲು ಸಾಮಾನ್ಯವಾಗಿ 2–3 ತಿಂಗಳು ಕಾಯಿಸುತ್ತಾರೆ. ಆಮೇಲೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಪಕ್ಕದ ಎರಡೂ ಹಲ್ಲುಗಳನ್ನು ಸುತ್ತಲೂ ಒಂದೆರಡು ಮಿಲಿಮೀಟರ್ ತೇಯುತ್ತಾರೆ. ನೋವು ಗೊತ್ತಾಗದು, ಯಂತ್ರದ ಸದ್ದೇ ಕಿರಿಕಿರಿ. ಅಳತೆ ತೆಗೆದು ಲ್ಯಾಬಿಗೆ ಕಳಿಸಿ, ಅಲ್ಲಿಯವರೆಗೆ ತಾತ್ಕಾಲಿಕ ಕ್ಯಾಪ್ ಹಾಕುತ್ತಾರೆ. ಬ್ರಿಡ್ಜ್ ಬಂದ ದಿನ ಬಣ್ಣದ ತೆಳು ಕಾಗದವೊಂದನ್ನು ಕಚ್ಚಿಸುತ್ತಾರೆ. ಹೆಚ್ಚು ಮಸಿ ಹತ್ತಿದ ಕಡೆ ಎತ್ತರ ಜಾಸ್ತಿಯೆಂದು ತಿಳಿದು ಅಲ್ಲಿ ಉಜ್ಜುತ್ತಾರೆ. ಕಚ್ಚಿದಾಗ ಎತ್ತರವೆನಿಸಿದರೆ ಸಂಕೋಚಪಡದೆ ಆಗಲೇ ಹೇಳಿ. ಸಿಮೆಂಟ್ ಹಾಕಿ ಕೂರಿಸಿದ ಮೇಲೆ ಸರಿಪಡಿಸುವುದು ಕಷ್ಟ.

ಈ ತೇಯುವುದೇ ಬ್ರಿಡ್ಜ್‌ನ ದೊಡ್ಡ ಬೆಲೆ. ತೇಯ್ದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಪಕ್ಕದ ಹಲ್ಲುಗಳು ಮೊದಲೇ ಹುಳುಕು ತುಂಬಿಸಿಕೊಂಡವೋ, ರೂಟ್ ಕೆನಾಲ್ (ಬೇರಿನ ನಾಳದ ಚಿಕಿತ್ಸೆ) ಆದವೋ ಆಗಿದ್ದರೆ ಹೇಗೂ ಅವಕ್ಕೆ ಕ್ಯಾಪ್ ಬೇಕಾಗಬಹುದು. ಅಂಥವರಿಗೆ ಬ್ರಿಡ್ಜ್ ಒಳ್ಳೆಯ ಆಯ್ಕೆ. ಎರಡೂ ಗಟ್ಟಿಮುಟ್ಟಾಗಿದ್ದರೆ ನಾನಂತೂ ಇಂಪ್ಲಾಂಟ್, ಅಂದರೆ ಮೂಳೆಗೆ ಸ್ಕ್ರೂ ಕೂರಿಸುವ ವಿಧಾನದ ಬಗ್ಗೆ ಮೊದಲು ಕೇಳಿ ಎನ್ನುತ್ತೇನೆ. ಅದು ದುಬಾರಿ, ತಿಂಗಳುಗಳ ಕೆಲಸ. ಆದರೆ ಪಕ್ಕದವುಗಳ ತಂಟೆಗೆ ಹೋಗುವುದಿಲ್ಲ.

ಹಣದ ಲೆಕ್ಕ ಕ್ಯಾಪಿಗೆ ಇಷ್ಟೆಂದು. ಹೋದದ್ದು ಒಂದೇ ಹಲ್ಲಾದರೂ ಬಿಲ್ಲು ಮೂರಕ್ಕೆ: ಕ್ಯಾಪಿಗೆ 4,000 ರೂಪಾಯಿ ಹೇಳಿದರೆ ಒಟ್ಟು 12,000. ಒಳಗೆ ಲೋಹ, ಹೊರಗೆ ಪಿಂಗಾಣಿ ಇರುವುದು ಅಗ್ಗ. ಲೋಹವಿಲ್ಲದ, ಹಲ್ಲಿನ ಬಣ್ಣದ ಜಿರ್ಕೋನಿಯಾ ತುಟ್ಟಿ. ರೂಟ್ ಕೆನಾಲ್ ಬೇಕಾದರೆ ಅದರ ಖರ್ಚು ಬೇರೆ.

ಕೈ ಬಿಗಿ ಇದ್ದವರು ದಂತ ಕಾಲೇಜುಗಳಿಗೆ ಹೋಗಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ದಂತ ಕಾಲೇಜಿದೆ. ದಾವಣಗೆರೆ, ಧಾರವಾಡ, ಮಂಗಳೂರು, ಮೈಸೂರಿನಲ್ಲೂ ದಂತ ಕಾಲೇಜುಗಳಿವೆ. ಅಲ್ಲಿ ‘ಪ್ರೊಸ್ಥೊಡಾಂಟಿಕ್ಸ್’, ಅಂದರೆ ಕೃತಕ ಹಲ್ಲಿನ ವಿಭಾಗ ಎಲ್ಲಿದೆ ಎಂದು ಕೇಳಿ. ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ವಿದ್ಯಾರ್ಥಿಗಳು ಮಾಡುವುದರಿಂದ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ.

ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ, ಅದಕ್ಕೂ ಹೆಚ್ಚು ಬಾಳುತ್ತದೆ. ಕೆಡುವುದು ಹೆಚ್ಚಾಗಿ ಬ್ರಿಡ್ಜ್ ಅಲ್ಲ, ಕ್ಯಾಪಿನ ಅಂಚಿನಲ್ಲಿ ಹುಳುಕು ಹಿಡಿಯುವ ನಿಮ್ಮದೇ ಹಲ್ಲು. ನಡುವಿನ ಹಲ್ಲಿನ ಅಡಿಯಲ್ಲಿ ಅನ್ನದಗುಳು ಸೇರುತ್ತದೆ, ಬರೀ ಬ್ರಷ್ ಅಲ್ಲಿಗೆ ತಲುಪದು. ತುದಿ ಗಟ್ಟಿಯಿರುವ ಸೂಪರ್ ಫ್ಲಾಸ್ ದಾರವನ್ನು ಪಕ್ಕದಿಂದ ತೂರಿಸಿ ದಿನಾ ಎಳೆಯಿರಿ. ಅಡಿಕೆ ಕಡಿಯುವ ಚಟವಿದ್ದರೆ ಬಿಡಿ, ಪಿಂಗಾಣಿ ಚಕ್ಕೆ ಏಳುತ್ತದೆ. ಎಂದಾದರೂ ಬ್ರಿಡ್ಜ್ ಕಳಚಿ ಬಂದರೆ ಮನೆಯಲ್ಲಿ ಗೋಂದು ಹಚ್ಚಿ ಕೂರಿಸುವ ಸಾಹಸ ಬೇಡ. ಡಬ್ಬಿಯಲ್ಲಿಟ್ಟುಕೊಂಡು ಬೇಗ ವೈದ್ಯರ ಬಳಿ ಹೋಗಿ. ಒಳಗಿನ ಹಲ್ಲು ಸರಿಯಿದ್ದರೆ ಅದನ್ನೇ ಮತ್ತೆ ಕೂರಿಸಲು ಬಹಳ ಸಲ ಸಾಧ್ಯವಾಗುತ್ತದೆ.